ಎನ್‌ಜೈಮ್ ಕ್ಯಾಪ್ಸೂಲ್ ನುಂಗುತ್ತಿದ್ದರೂ ಅಪ್ಪನ ತೂಕ ಇಳಿಯುತ್ತಲೇ ಇದೆ. ಇದು ಕೆಲಸ ಮಾಡ್ತಾ ಇಲ್ವಾ?

ಹಾಸನದ_ಮಗಳು:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸ್ ಊದಿಕೊಂಡು ನಿಧಾನಕ್ಕೆ ಹಾಳಾಗುವ ಕಾಯಿಲೆ) ಅಂತ ಹೋದ ವರ್ಷ ಗೊತ್ತಾಯಿತು. ಸ್ಕ್ಯಾನ್‌ನಲ್ಲಿ ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿಯ ತುಂಬ ಕಲ್ಲು. ಅದರಿಂದಲೇ ಸಕ್ಕರೆ ಕಾಯಿಲೆಯೂ ಬಂದಿದೆ ಅಂದರು. ಇನ್ಸುಲಿನ್ ನಡೆಯುತ್ತಿದೆ. ನೋವು ಈಗ ತುಂಬಾ ಕಮ್ಮಿ. ಆದರೆ ತಿಂದದ್ದು ಮೈಗೆ ಹತ್ತುತ್ತಿಲ್ಲ. ಮೋಷನ್ ಬಿಳಿಚಿಕೊಂಡು, ಜಿಡ್ಡುಜಿಡ್ಡಾಗಿ ಹೋಗುತ್ತದೆ. ವಾಸನೆ ಹೇಳುವ ಹಾಗಿಲ್ಲ. ನೀರು ಹಾಕಿದರೂ ತೇಲಿಕೊಂಡೇ ಇರುತ್ತದೆ.

ಡಾಕ್ಟರ್ ಕ್ರಿಯಾನ್ 10000 ಅನ್ನುವ ಎನ್‌ಜೈಮ್ (ಕಿಣ್ವ) ಕ್ಯಾಪ್ಸೂಲ್ ಬರೆದುಕೊಟ್ಟಿದ್ದಾರೆ. ಚೀಟಿಯಲ್ಲಿ 1-0-1, ಊಟದ ನಂತರ ಅಂತ ಇದೆ. ಅಪ್ಪ ಹಾಗೇ ತಗೊಳ್ತಾ ಇದ್ದಾರೆ, ಒಂದು ದಿನವೂ ತಪ್ಪಿಸಿಲ್ಲ. ತಿಂಗಳುಗಟ್ಟಲೆ ಆಯ್ತು, ಬದಲಾವಣೆ ಇಲ್ಲ. ಎಣ್ಣೆ ತುಪ್ಪ ಪೂರ್ತಿ ಬಿಡಿಸಿದ್ದೇವೆ, ಆದರೂ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ. ಇದು ದುಬಾರಿ ಔಷಧಿ ಬೇರೆ. ಕೆಲಸವೇ ಮಾಡದಿದ್ದರೆ ನಿಲ್ಲಿಸಿಬಿಡೋಣ ಅಂತ ಅಪ್ಪ ಹಟ ಹಿಡಿದಿದ್ದಾರೆ. ಇಲ್ಲಿ ಯಾರಾದರೂ ಇದನ್ನು ತಗೊಳ್ಳುವವರು ಇದ್ದೀರಾ?

ತುಪ್ಪಪ್ರಿಯ:
ನಾನಿದ್ದೇನೆ. ಬಹಳ ವರ್ಷಗಳಿಂದ ಇದೇ ಕಾಯಿಲೆ, ಇದೇ ಕ್ಯಾಪ್ಸೂಲ್. ನಿಲ್ಲಿಸಬೇಡಿ. ನೀವು ಬರೆದದ್ದರಲ್ಲಿ ಎರಡು ವಿಷಯ ಕಣ್ಣಿಗೆ ಬಿತ್ತು. ಒಂದು, ‘ಊಟದ ನಂತರ’. ಇನ್ನೊಂದು, 10,000.

ಈ ಕ್ಯಾಪ್ಸೂಲ್ ಊಟದ ಜೊತೆಗೇ ಹೊಟ್ಟೆಯಿಂದ ಕೆಳಗೆ ಇಳಿಯಬೇಕು. ಅನ್ನದ ಜೊತೆ ಕಲೆತು ಕರುಳಿಗೆ ಹೋದರೆ ಮಾತ್ರ ಅಲ್ಲಿ ಕೊಬ್ಬನ್ನು ಒಡೆಯುತ್ತದೆ. ಊಟ ಮುಗಿಸಿ, ಕೈ ತೊಳೆದು, ಅರ್ಧ ಗಂಟೆ ಟಿವಿ ನೋಡಿ ಆಮೇಲೆ ನುಂಗುವುದು ಅಂದರೆ ಪಾತ್ರೆಯೆಲ್ಲ ತೊಳೆದಿಟ್ಟ ಮೇಲೆ ಸೋಪು ಹಚ್ಚಿದ ಹಾಗೆ. ನನ್ನ ಡಾಕ್ಟರ್ ಹೇಳಿದ್ದು ಹೀಗೆ: ಮೊದಲ ತುತ್ತು ಬಾಯಿಗಿಟ್ಟಾಗ ಒಂದು, ಊಟ ಅರ್ಧ ಆದಾಗ ಇನ್ನೊಂದು.

ಹಾಸನದ_ಮಗಳು:
ಅಂದರೆ ಎರಡಾ? ನಮಗೆ ಒಂದೇ ಬರೆದಿದ್ದಾರಲ್ಲ.

ತುಪ್ಪಪ್ರಿಯ:
ನನ್ನದು 25,000ದ ಕ್ಯಾಪ್ಸೂಲ್. ದೊಡ್ಡ ಊಟಕ್ಕೆ ಎರಡು. ನಿಮ್ಮ ಅಪ್ಪನಿಗೆ ಎಷ್ಟು ಬೇಕು ಅಂತ ನಾನು ಹೇಳಬಾರದು. ಆದರೆ 10,000 ಅನ್ನುವುದು ಬಹಳ ಚಿಕ್ಕ ಡೋಸ್ ಅಂತ ಮಾತ್ರ ಗೊತ್ತು.

ಗ್ಯಾಸ್ಟ್ರೋ_ಪಿಜಿ:
ಮೊದಲೇ ಹೇಳಿಬಿಡುತ್ತೇನೆ, ನಾನು ಇನ್ನೂ ಕಲಿಯುತ್ತಿರುವ ಡಾಕ್ಟರ್. ಡೋಸ್ ಬದಲಾಯಿಸುವುದು ನಿಮ್ಮ ಡಾಕ್ಟರ್ ಕೆಲಸ. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು ಅಂತ ತಿಳಿದಿರಲಿ.

ಆರೋಗ್ಯವಾಗಿರುವ ಪ್ಯಾಂಕ್ರಿಯಾಸ್ ಒಂದು ಊಟಕ್ಕೆ ಲಕ್ಷಗಟ್ಟಲೆ ಯೂನಿಟ್ ಲೈಪೇಸ್ ಸುರಿಯುತ್ತದೆ. ಲೈಪೇಸ್ ಅಂದರೆ ಕೊಬ್ಬು ಒಡೆಯುವ ಕಿಣ್ವ. ನಮಗೆ ಅಷ್ಟೆಲ್ಲ ಬೇಕಾಗುವುದಿಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನವರು 1973ರಲ್ಲೇ ಇದನ್ನು ಅಳೆದು ತೋರಿಸಿದರು. ಲೈಪೇಸ್ ಉತ್ಪತ್ತಿ ಮಾಮೂಲಿಯ 10 ಶೇಕಡಾಕ್ಕಿಂತ ಕೆಳಗೆ ಬಿದ್ದಾಗಲೇ ಮಲದಲ್ಲಿ ಕೊಬ್ಬು ಹೋಗಲು ಶುರುವಾಗುತ್ತದೆ. ಅಂದರೆ ನಿಮ್ಮ ಅಪ್ಪನಿಗೆ ಜಿಡ್ಡು ಮೋಷನ್ ಆಗುತ್ತಿದೆ ಅಂದರೆ ಗ್ರಂಥಿಯ ಬಹುಪಾಲು ಕೆಲಸ ನಿಂತುಹೋಗಿದೆ ಅಂತ ಅರ್ಥ. ಆ ಕೊರತೆಯನ್ನು ಹೊರಗಿನಿಂದ ತುಂಬಬೇಕು. ಯುರೋಪಿನ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ ಮುಖ್ಯ ಊಟಕ್ಕೆ ಕನಿಷ್ಠ 40,000ದಿಂದ 50,000 ಯೂನಿಟ್, ತಿಂಡಿಗೆ ಅದರ ಅರ್ಧ ಅಂತ ಇದೆ. ಅದು ಶುರು ಮಾಡುವ ಡೋಸ್. ಸಾಲದಿದ್ದರೆ ಏರಿಸುತ್ತಾರೆ.

ಇನ್ನು 1-0-1. ಅಪ್ಪ ಮಧ್ಯಾಹ್ನ ಊಟ ಮಾಡುವುದಿಲ್ವಾ? ಬಿಪಿ ಮಾತ್ರೆಯ ಹಾಗೆ ಬೆಳಿಗ್ಗೆ ಒಂದು ಸಂಜೆ ಒಂದು ಅಂತ ಲೆಕ್ಕ ಹಾಕುವ ಔಷಧಿ ಅಲ್ಲ ಇದು. ತಿಂದಾಗಲೆಲ್ಲ ಬೇಕು, ತಿನ್ನದಿದ್ದರೆ ಬೇಡ. ಕಮ್ಮಿ ಡೋಸ್, ತಪ್ಪು ಹೊತ್ತು, ಮಧ್ಯಾಹ್ನ ಖಾಲಿ. ಈ ಮೂರೂ ಸೇರಿಕೊಂಡ ರೋಗಿಗಳನ್ನು ನಮ್ಮ ಒಪಿಡಿಯಲ್ಲಿ ಆಗಾಗ ನೋಡುತ್ತೇನೆ. ಆಮೇಲೆ ಎಲ್ಲರೂ ಸೇರಿ ಔಷಧಿಯನ್ನು ಬೈಯುತ್ತಾರೆ.

ಔಷಧಿ_ಅಂಗಡಿ:
ಕೌಂಟರ್ ಆ ಕಡೆಯಿಂದ ಒಂದು ಮಾತು. ಡಬ್ಬಿ ಮೇಲೆ ಎರಡು ಅಂಕಿ ಇರುತ್ತದೆ, ಜನ ಗಲಿಬಿಲಿ ಮಾಡಿಕೊಳ್ಳುತ್ತಾರೆ. ಕ್ರಿಯಾನ್ 10000 ಅಂದರೆ ಅದರಲ್ಲಿ 150 ಮಿಲಿಗ್ರಾಂ ಪ್ಯಾಂಕ್ರಿಯಾಟಿನ್ (ಪ್ಯಾಂಕ್ರಿಯಾಸ್‌ನ ಕಿಣ್ವಗಳ ಮಿಶ್ರಣ). 25000 ಅಂದರೆ 300 ಮಿಲಿಗ್ರಾಂ. ಮಿಲಿಗ್ರಾಂ ನೋಡಬೇಡಿ, ಲೈಪೇಸ್ ಯೂನಿಟ್ ಎಷ್ಟು ಅಂತ ನೋಡಿ. ಬೇರೆ ಕಂಪನಿಯದು ತಗೊಂಡರೂ ಇದೇ ಲೆಕ್ಕ.

ಅದಕ್ಕಿಂತ ದೊಡ್ಡ ಗೊಂದಲ ಇನ್ನೊಂದಿದೆ. ನಮ್ಮಲ್ಲಿ ‘ಎನ್‌ಜೈಮ್ ಕೊಡಿ’ ಅಂತ ಕೇಳಿದರೆ ಸಿಗುವುದು ಜೀರ್ಣದ ಸಿರಪ್ಪು. ಬಾಟಲಿ ಹಿಂದೆ ಓದಿ: ಫಂಗಲ್ ಡಯಸ್ಟೇಸ್, ಪೆಪ್ಸಿನ್. ಕೆಲವು ಮಾತ್ರೆಯಲ್ಲಿ ಪಪ್ಪಾಯಿಯ ಪಪೇನ್. ಡಯಸ್ಟೇಸ್ ಪಿಷ್ಟ ಒಡೆಯುತ್ತದೆ, ಪೆಪ್ಸಿನ್ ಪ್ರೋಟೀನ್ ಒಡೆಯುತ್ತದೆ. ಕೊಬ್ಬಿಗೆ ಏನೂ ಇಲ್ಲ. ಪ್ಯಾಂಕ್ರಿಯಾಸ್ ಕೈಕೊಟ್ಟವರಿಗೆ ಬೇಕಾದದ್ದು ಲೈಪೇಸ್. ಈ ಸಿರಪ್ಪನ್ನು ಬಿಂದಿಗೆಗಟ್ಟಲೆ ಕುಡಿದರೂ ಅದು ಸಿಗುವುದಿಲ್ಲ.

ಸುಮ್ನೆ_ಓದುಗ:
ನನಗೂ ಊಟ ಆದ ಮೇಲೆ ಹೊಟ್ಟೆ ಉಬ್ಬರ, ಗ್ಯಾಸ್. ಹಾಗಾದರೆ ಆ ಸಿರಪ್ ಬಿಟ್ಟು ಕ್ರಿಯಾನ್ ತಗೊಳ್ಳಲಾ?

ಗ್ಯಾಸ್ಟ್ರೋ_ಪಿಜಿ:
ಬೇಡ. ತೂಕ ಸರಿ ಇದೆ, ಮೋಷನ್ ಮಾಮೂಲಿ, ಬರೀ ಗ್ಯಾಸ್ ಅಂದರೆ ಪ್ಯಾಂಕ್ರಿಯಾಸ್ ಮೇಲೆ ಅನುಮಾನ ಪಡಬೇಕಾಗಿಲ್ಲ. ಮೇಲೆ ಹೇಳಿದ 10 ಶೇಕಡಾ ಲೆಕ್ಕ ನೋಡಿ, ಅಷ್ಟೊಂದು ಹೆಚ್ಚುವರಿ ಶಕ್ತಿ ಆ ಗ್ರಂಥಿಗೆ ಇದೆ. ಹಾಲು ಆಗಿಬರದೇ ಇರಬಹುದು, ಐಬಿಎಸ್ (ಕರುಳಿನ ಕಿರಿಕಿರಿ) ಇರಬಹುದು. ಆದರೂ ಅನುಮಾನ ಇದ್ದರೆ ಫೀಕಲ್ ಎಲಾಸ್ಟೇಸ್ ಅಂತ ಮಲದ ಪರೀಕ್ಷೆ ಇದೆ. ಒಂದು ಗ್ರಾಂ ಮಲದಲ್ಲಿ 200 ಮೈಕ್ರೋಗ್ರಾಂಗಿಂತ ಕಮ್ಮಿ ಇದ್ದರೆ ಕೊರತೆ ಇರಬಹುದು. 100ಕ್ಕಿಂತ ಕೆಳಗಿದ್ದರೆ ಅನುಮಾನ ಗಟ್ಟಿ.

ಸ್ಯಾಂಪಲ್ ಮಾತ್ರ ಗಟ್ಟಿಯಾಗಿರಬೇಕು. ಭೇದಿ ಆಗುತ್ತಿರುವಾಗ ಕೊಟ್ಟರೆ ನೀರಿನಲ್ಲಿ ತೆಳುವಾಗಿ, ಸುಮ್ನೆ ಕಮ್ಮಿ ಅಂತ ತೋರಿಸುತ್ತದೆ. ಈಗಾಗಲೇ ಕ್ಯಾಪ್ಸೂಲ್ ತಗೊಳ್ಳುವವರು ಪರೀಕ್ಷೆಗೆ ಅಂತ ನಿಲ್ಲಿಸಬೇಕಾಗಿಲ್ಲ. ಆ ಪರೀಕ್ಷೆ ಮನುಷ್ಯರ ಎಲಾಸ್ಟೇಸನ್ನು ಮಾತ್ರ ಹಿಡಿಯುತ್ತದೆ, ಕ್ಯಾಪ್ಸೂಲಿನಲ್ಲಿರುವುದು ಹಂದಿಯದು.

ಭಟ್ಕಳ_ಕರಾವಳಿ:
ಒಂದು ನಿಮಿಷ. ಹಂದಿಯದಾ?!

ಔಷಧಿ_ಅಂಗಡಿ:
ಹೌದು. ಹಂದಿಯ ಪ್ಯಾಂಕ್ರಿಯಾಸ್‌ನಿಂದಲೇ ತೆಗೆಯುವುದು. ಕ್ರಿಯಾನ್ ಅಂತಲ್ಲ, ಡಾಕ್ಟರುಗಳು ಈ ಕಾಯಿಲೆಗೆ ನೆಚ್ಚಿಕೊಂಡಿರುವ ಪ್ಯಾಂಕ್ರಿಯಾಟಿನ್ ಎಲ್ಲ ಹಾಗೇ. ಹೊರಗಿನ ಜೆಲಾಟಿನ್ ಚಿಪ್ಪೂ ಪ್ರಾಣಿಯದು.

ಭಟ್ಕಳ_ಕರಾವಳಿ:
ನನ್ನ ಚಿಕ್ಕಪ್ಪ ಇದನ್ನೇ ತಗೊಳ್ತಾ ಇದ್ದಾರೆ. ಯಾರೂ ಹೇಳಲಿಲ್ಲ. ಹೇಳಬೇಕಿತ್ತು ಅಲ್ವಾ? ಬೇಡ ಅನ್ನಲಿ, ಹೂಂ ಅನ್ನಲಿ, ಅದು ಅವರಿಗೆ ಬಿಟ್ಟದ್ದು.

ತುಪ್ಪಪ್ರಿಯ:
ನಿಮ್ಮ ಮಾತು ಸರಿ. ನಮ್ಮ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಒಳಗೆ ಬರುವುದಿಲ್ಲ. ನನಗೆ ಗೊತ್ತಾದದ್ದು ಡಬ್ಬಿಯೊಳಗಿನ ಚೀಟಿ ಓದಿದಾಗ. ಅಮ್ಮನಿಗೆ ಹೇಳುವುದೋ ಬೇಡವೋ ಅಂತ ಬಹಳ ಯೋಚಿಸಿದೆ. ಹೇಳಿದೆ. ‘ಔಷಧಿಗೆ ಮಡಿ ಇಲ್ಲ, ನುಂಗು’ ಅಂದರು. ಎಲ್ಲ ಅಮ್ಮಂದಿರೂ ಹಾಗನ್ನುತ್ತಾರೆ ಅಂತಲ್ಲ.

ಗ್ಯಾಸ್ಟ್ರೋ_ಪಿಜಿ:
ಇದನ್ನು ರೋಗಿಗೆ ಮೊದಲೇ ಹೇಳಬೇಕು, ಎರಡು ಮಾತಿಲ್ಲ. ಜೈನರು, ಸಸ್ಯಾಹಾರಿಗಳು, ಮುಸ್ಲಿಮರು ಎಲ್ಲರಿಗೂ. ಬೇರೆ ಏನಿದೆ ಅಂತ ಕೇಳಿದರೆ, ಸದ್ಯಕ್ಕೆ ಇದರಷ್ಟು ಕೆಲಸ ಮಾಡುವುದು ಇನ್ನೊಂದಿಲ್ಲ. ಶಿಲೀಂಧ್ರದಿಂದ ತೆಗೆದ ಲೈಪೇಸ್ ಇದೆ, ಆದರೆ ಶಕ್ತಿ ಸಾಲದು. ಪ್ರಾಣಿ ಬೇಡದ ಲಿಪ್ರೋಟಮೇಸ್ ಅಂತ ಒಂದು ಔಷಧಿ ಬರುವುದರಲ್ಲಿತ್ತು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲಿ ಒಪ್ಪಿಗೆ ಕೊಡಲಿಲ್ಲ. ಆಮೇಲೆ ಇನ್ನೊಂದು ಕಂಪನಿ ಕೈಗೆತ್ತಿಕೊಂಡಿತು, 2018ರ ಪರೀಕ್ಷೆಯಲ್ಲೂ ಅದು ಹಂದಿಯದಕ್ಕೆ ಸರಿಸಾಟಿ ಆಗಲಿಲ್ಲ.

ಭಟ್ಕಳ_ಕರಾವಳಿ:
ಚಿಕ್ಕಪ್ಪನ ಜೊತೆ ಮಾತಾಡಿದೆ. ಅವರು ಮೌಲಾನಾರನ್ನು ಕೇಳಿದರು. ಬೇರೆ ದಾರಿ ಇಲ್ಲದ ಔಷಧಿಗೆ ಅನುಮತಿ ಇದೆ ಅಂದರಂತೆ. ಮುಂದುವರಿಸುತ್ತಾರೆ. ಆದರೂ ಹೇಳದೇ ಕೊಟ್ಟದ್ದು ನನಗೆ ಇನ್ನೂ ಸರಿ ಕಾಣುತ್ತಿಲ್ಲ.

ಕಷಾಯ:
ಇದೆಲ್ಲ ಯಾಕೆ? ಜೀರಿಗೆ, ಶುಂಠಿ, ಓಮ ಕುದಿಸಿ ಕುಡಿಯಲಿ. ಜೊತೆಗೆ ಮಜ್ಜಿಗೆ. ಅಗ್ನಿ ಮಾಂದ್ಯಕ್ಕೆ ನಮ್ಮ ಹಿರಿಯರು ಏನು ಮಾಡುತ್ತಿದ್ದರು?

ತುಪ್ಪಪ್ರಿಯ:
ನಾನೂ ಜೀರಿಗೆ ಕಷಾಯ ಕುಡಿಯುತ್ತೇನೆ, ಹಿತವಾಗಿರುತ್ತದೆ. ಆದರೆ ಅದು ಇರುವ ಜೀರ್ಣಶಕ್ತಿಗೆ ಸಹಾಯ ಮಾಡಬಹುದು. ಕಿಣ್ವವೇ ಬರದ ಕಡೆ ಏನು ಮಾಡುತ್ತದೆ ಹೇಳಿ. ಹಿರಿಯರ ಕಾಲದಲ್ಲಿ ಈ ಕಾಯಿಲೆಯವರು ಸೊರಗಿ ಸೊರಗಿ ಹೋಗುತ್ತಿದ್ದರು, ‘ಕ್ಷಯ ಇರಬೇಕು’ ಅನ್ನುತ್ತಿದ್ದರು.

ಹಾಸನದ_ಮಗಳು:
ಇನ್ನೊಂದು ನೋವಿನ ವಿಷಯ. ಅಪ್ಪ ಒಂದು ಹನಿ ಕುಡಿದವರಲ್ಲ. ಆದರೆ ಕಾಯಿಲೆ ಹೆಸರು ಕೇಳಿದ ಕೂಡಲೇ ನೆಂಟರೆಲ್ಲ ‘ಕುಡೀತಿದ್ರಾ?’ ಅಂತ ಕೇಳುತ್ತಾರೆ. ಒಬ್ಬ ನರ್ಸ್ ಕೂಡ ನನ್ನನ್ನು ಪಕ್ಕಕ್ಕೆ ಕರೆದು ‘ನಿಜ ಹೇಳಿ’ ಅಂದರು. ಅಪ್ಪ ಅವತ್ತಿಂದ ಮಂಕಾಗಿದ್ದಾರೆ.

ಗ್ಯಾಸ್ಟ್ರೋ_ಪಿಜಿ:
ಅಪ್ಪನಿಗೆ ಇದನ್ನು ಓದಿ ಹೇಳಿ. ನಮ್ಮ ದೇಶದ ಹಲವು ಆಸ್ಪತ್ರೆಗಳು ಸೇರಿ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್ ಇದ್ದವರಲ್ಲಿ ಸುಮಾರು 60 ಶೇಕಡಾ ಜನರಿಗೆ ಕಾರಣವೇ ಸಿಗಲಿಲ್ಲ. ಕುಡಿತದಿಂದ ಬಂದದ್ದು ಸುಮಾರು 39 ಶೇಕಡಾ. ಅಂದರೆ ಇಲ್ಲಿ ಕುಡಿಯದವರೇ ಜಾಸ್ತಿ.

ದಕ್ಷಿಣ ಭಾರತದಲ್ಲಿ, ಅದರಲ್ಲೂ ಕೇರಳದಲ್ಲಿ, ಚಿಕ್ಕ ವಯಸ್ಸಿನಲ್ಲೇ ಪ್ಯಾಂಕ್ರಿಯಾಸ್ ತುಂಬ ಕಲ್ಲಾಗಿ, ಸಕ್ಕರೆ ಕಾಯಿಲೆಯೂ ಬರುವ ಒಂದು ಬಗೆ ಇದೆ. ಇಂಡೋನೇಷ್ಯಾದಲ್ಲಿ 1959ರಲ್ಲಿ ಜೂಯ್ಡೆಮಾ ಅನ್ನುವ ಡಾಕ್ಟರ್ ಇಂಥವರ ಬಗ್ಗೆ ಬರೆದರು. ಆಮೇಲೆ ಕೇರಳದಲ್ಲಿ ಡಾ. ಗೀವರ್ಗೀಸ್ ದೊಡ್ಡ ಸಂಖ್ಯೆಯಲ್ಲಿ ದಾಖಲು ಮಾಡಿದರು. ಮೊದಲು ಎಲ್ಲರೂ ಮರಗೆಣಸಿನ ಮೇಲೆ ತಪ್ಪು ಹೊರಿಸಿದರು. ಅದು ಸಾಬೀತಾಗಲಿಲ್ಲ. ಈಗ ಸ್ಪಿಂಕ್1 ಅನ್ನುವ ಜೀನ್‌ನಲ್ಲಿನ ಬದಲಾವಣೆ ಬಹಳ ರೋಗಿಗಳಲ್ಲಿ ಕಾಣಿಸಿದೆ. ಅಪ್ಪ ಬೀಡಿ ಸಿಗರೇಟು ಸೇದುತ್ತಿದ್ದರೆ ಮಾತ್ರ ಇವತ್ತೇ ನಿಲ್ಲಿಸಲಿ. ಅದು ಕಾಯಿಲೆಯನ್ನು ಬೇಗ ಮುಂದಕ್ಕೆ ತಳ್ಳುತ್ತದೆ. ಕುಡಿತಕ್ಕೂ ಇದೇ ಮಾತು.

ಊಟದ_ಲೆಕ್ಕ:
ನಾನು ಡಯಟಿಶಿಯನ್. ‘ಎಣ್ಣೆ ತುಪ್ಪ ಪೂರ್ತಿ ಬಿಡಿಸಿದ್ದೇವೆ’ ಅನ್ನುವ ಸಾಲು ಓದಿ ಬರೆಯಲೇಬೇಕು ಅನ್ನಿಸಿತು.

ಹಿಂದೆ ಹಾಗೇ ಹೇಳುತ್ತಿದ್ದರು. ಈಗ ಹೇಳುವುದಿಲ್ಲ. ಕೊಬ್ಬು ಬಿಟ್ಟರೆ ಮೋಷನ್ ಸ್ವಲ್ಪ ಸರಿ ಕಾಣಬಹುದು, ಆದರೆ ಮನುಷ್ಯ ಒಣಗುತ್ತಾನೆ. ಮೊದಲೇ ತೂಕ ಇಳಿದವರಿಗೆ ಕ್ಯಾಲೋರಿ ಎಲ್ಲಿಂದ ಬರಬೇಕು? ಮಾಮೂಲಿ ಮನೆ ಊಟ ಮಾಡಲಿ, ಅದಕ್ಕೆ ತಕ್ಕ ಕಿಣ್ವ ತಗೊಳ್ಳಲಿ. ಕೊಬ್ಬು ಕಮ್ಮಿ ಮಾಡುವುದು ಕೊನೆಯ ದಾರಿ.

ಎಲ್ಲಿ ಕ್ಯಾಪ್ಸೂಲ್ ಬೇಕು, ಎಲ್ಲಿ ಬೇಡ? ಬರೀ ಹಣ್ಣು, ಡಿಕಾಕ್ಷನ್, ಎಳನೀರು, ಹಣ್ಣಿನ ರಸ ಇವಕ್ಕೆ ಸಾಮಾನ್ಯವಾಗಿ ಬೇಡ. ಆದರೆ ನಮ್ಮ ಕಾಫಿ ಅಂದರೆ ಹಾಲೇ ತಾನೇ. ನಂದಿನಿ ನೀಲಿ ಪ್ಯಾಕೆಟ್‌ನಲ್ಲಿ 3 ಶೇಕಡಾ ಕೊಬ್ಬು. 100 ಎಂಎಲ್ ಹಾಲು ಹಾಕಿದರೆ 3 ಗ್ರಾಂ. ಜೊತೆಗೆ ಎರಡು ನಿಪ್ಪಟ್ಟು ತಿಂದರೆ ಅದು ‘ಬರೀ ಕಾಫಿ’ ಅಲ್ಲ, ತಿಂಡಿ. ಸಂಜೆ ಬೋಂಡ, ಚುರುಮುರಿ, ಮಲಗುವಾಗಿನ ಬಾದಾಮಿ ಹಾಲು, ಇವನ್ನೆಲ್ಲ ಯಾರೂ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ರೋಗಿ ‘ನಾನು ಎರಡು ಹೊತ್ತು ಊಟ ಮಾಡ್ತೀನಿ ಅಷ್ಟೇ’ ಅನ್ನುತ್ತಾರೆ. ಕೂತು ಬರೆದರೆ ದಿನಕ್ಕೆ ಆರು ಸಲ ಬಾಯಾಡಿಸಿರುತ್ತಾರೆ!

ಹಾಸನದ_ಮಗಳು:
ಅಪ್ಪನಿಗೆ ಎರಡು ಹೊತ್ತೂ ಮುದ್ದೆ ಬೇಕು. ಶುಗರ್‌ಗೂ ಒಳ್ಳೆಯದು ಅಂತ ಜಾಸ್ತಿ ಮಾಡಿಸಿದ್ದೇವೆ. ಅದು ಸರಿಯಾ?

ಊಟದ_ಲೆಕ್ಕ:
ಇಲ್ಲಿ ಸ್ವಲ್ಪ ನೋಡಿಕೊಳ್ಳಬೇಕು. ನಾರು ತುಂಬಾ ಜಾಸ್ತಿ ಆದರೆ ಕಿಣ್ವದ ಕೆಲಸಕ್ಕೆ ಅಡ್ಡ ಬರುತ್ತದೆ, ಕೊಬ್ಬು ಇನ್ನಷ್ಟು ಹೊರಗೆ ಹೋಗುತ್ತದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರು, ಅದೇ ತೂಕದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಎರಡು ಹೊತ್ತು ದೊಡ್ಡ ಮುದ್ದೆ, ಜೊತೆಗೆ ಸೊಪ್ಪಿನ ಬಸ್ಸಾರು, ಮೊಳಕೆ ಹುರುಳಿ, ಮೇಲೆ ಹಸಿ ತರಕಾರಿ ಅಂದರೆ ಹೊಟ್ಟೆ ತುಂಬುತ್ತದೆ, ತೂಕ ಏರುವುದಿಲ್ಲ. ಮುದ್ದೆ ಬಿಡಿ ಅಂದರೆ ಹಾಸನದವರು ನನ್ನನ್ನು ಬಿಡುವುದಿಲ್ಲ. ಒಂದು ಹೊತ್ತು ಮುದ್ದೆ ಇರಲಿ, ಅಳತೆ ಸಣ್ಣದಾಗಲಿ. ಇನ್ನೊಂದು ಹೊತ್ತು ಅನ್ನ, ಮೊಟ್ಟೆ, ಮೊಸರು. ಶುಗರ್ ಲೆಕ್ಕವನ್ನು ಇನ್ಸುಲಿನ್ ಡೋಸ್ ಜೊತೆ ಡಾಕ್ಟರ್ ಹತ್ತಿರ ಕೂತು ಹೊಂದಿಸಿ.

ಮುದ್ದೆಯನ್ನು ಅಗಿಯದೇ ನುಂಗುತ್ತಾರಲ್ಲ, ಅದರ ಜೊತೆ ಕ್ಯಾಪ್ಸೂಲೂ ಸಲೀಸಾಗಿ ಇಳಿಯುತ್ತದೆ ಅಂತ ಮಂಡ್ಯದ ರೋಗಿಯೊಬ್ಬರು ಹೇಳಿದ್ದರು. ಅದೊಂದು ಲಾಭ.

ತುಪ್ಪಪ್ರಿಯ:
ಮದುವೆ ಊಟದ ಬಗ್ಗೆ ನಾನು ಹೇಳಲೇಬೇಕು, ಯಾಕಂದರೆ ಇದನ್ನು ಯಾವ ಕೈಪಿಡಿಯಲ್ಲೂ ಬರೆಯುವುದಿಲ್ಲ. ಎಲೆ ಊಟ ನಡೆಯುವುದೇ ನಿಧಾನವಾಗಿ. ಪಾಯಸ, ಕೋಸಂಬರಿ, ಪಲ್ಯ ಬಡಿಸುವಷ್ಟರಲ್ಲಿ ಹತ್ತು ನಿಮಿಷ. ಆಮೇಲೆ ಅನ್ನ ತೊವ್ವೆ ತುಪ್ಪ. ಚಿತ್ರಾನ್ನ, ಹುಳಿ, ಸಾರು. ಹೋಳಿಗೆ ಬರುವುದು ಇನ್ನೂ ತಡ, ಅದರ ಮೇಲೆ ಮತ್ತೆ ತುಪ್ಪ. ಕೂತ ಕೂಡಲೇ ಇದ್ದದ್ದನ್ನೆಲ್ಲ ನುಂಗಿಬಿಟ್ಟರೆ ಹೋಳಿಗೆ ಹೊತ್ತಿಗೆ ಕಿಣ್ವ ಮುಂದೆ ಹೋಗಿರುತ್ತದೆ. ನಾನು ಡಾಕ್ಟರ್ ಕೊಟ್ಟ ಲೆಕ್ಕವನ್ನೇ ಹಂಚಿಕೊಳ್ಳುತ್ತೇನೆ. ಪಾಯಸ ಕೋಸಂಬರಿ ಹೊತ್ತಿಗೆ ನುಂಗದೆ ಕಾಯುತ್ತೇನೆ, ತೊವ್ವೆಗೆ ತುಪ್ಪ ಬಿದ್ದಾಗ ಒಂದು, ಹೋಳಿಗೆ ಎಲೆಗೆ ಬಂದಾಗ ಇನ್ನೊಂದು. ಇಂಥ ಊಟಕ್ಕೆ ಒಂದು ಹೆಚ್ಚುವರಿ ತಗೊಳ್ಳಲು ನನಗೆ ಅನುಮತಿ ಇದೆ, ಅದನ್ನು ಶರ್ಟ್ ಜೇಬಿನಲ್ಲಿ ಇಟ್ಟಿರುತ್ತೇನೆ.

ಪಕ್ಕದವರು ‘ಏನು ಮಾತ್ರೆ?’ ಅಂತ ಕೇಳಿದರೆ ‘ಜೀರ್ಣಕ್ಕೆ’ ಅಂತೇನೆ. ತಕ್ಷಣ ಅವರಿಗೂ ಒಂದು ಬೇಕಾಗುತ್ತದೆ.

ನಾಯಿ_ಮನೆ:
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಕ್ಷಮಿಸಿ. ನಮ್ಮ ಜರ್ಮನ್ ಶೆಫರ್ಡ್ ನಾಯಿಗೂ ಇದೇ ಕಿಣ್ವದ ಕೊರತೆ. ಎಷ್ಟು ತಿಂದರೂ ಎಲುಬು ಕಾಣುತ್ತಿತ್ತು. ಆ ಜಾತಿಯಲ್ಲಿ ಇದು ಜಾಸ್ತಿಯಂತೆ. ರಕ್ತದಲ್ಲಿ ಟಿಎಲ್‌ಐ ಅಂತ ಪರೀಕ್ಷೆ ಮಾಡಿ ಹಿಡಿದರು. ಈಗ ಕಿಣ್ವದ ಪುಡಿಯನ್ನು ಊಟಕ್ಕೆ ಕಲಸಿ ಹಾಕುತ್ತೇವೆ, ಜೊತೆಗೆ ಬಿ12 ಇಂಜೆಕ್ಷನ್. ಮೈ ತುಂಬಿಕೊಂಡಿದೆ. ಮನುಷ್ಯರಿಗೆ ಯಾಕೆ ಪುಡಿ ಕೊಡುವುದಿಲ್ಲ?

ಗ್ಯಾಸ್ಟ್ರೋ_ಪಿಜಿ:
ಒಳ್ಳೆಯ ಪ್ರಶ್ನೆ, ಪಕ್ಕಕ್ಕೆ ಹೋಗಿಲ್ಲ. ಲೈಪೇಸ್‌ಗೆ ಹೊಟ್ಟೆಯ ಆಸಿಡ್ ಅಂದರೆ ಆಗುವುದಿಲ್ಲ. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4ಕ್ಕಿಂತ ಇಳಿದರೆ ಹಾಳಾಗಿಬಿಡುತ್ತದೆ, ಮತ್ತೆ ಸರಿಹೋಗುವುದಿಲ್ಲ. ಪುಡಿ ಕೊಟ್ಟರೆ ಬಹಳಷ್ಟು ಹೊಟ್ಟೆಯಲ್ಲೇ ನಷ್ಟ. ಅದಕ್ಕೇ ಕ್ಯಾಪ್ಸೂಲ್ ಒಳಗೆ ಎರಡು ಮಿಲಿಮೀಟರಿಗಿಂತ ಸಣ್ಣ ಕಾಳು ಮಾಡಿ, ಪ್ರತಿ ಕಾಳಿಗೂ ಆಸಿಡ್ ತಡೆಯುವ ಲೇಪ ಹಾಕಿರುತ್ತಾರೆ. ಜೆಲಾಟಿನ್ ಚಿಪ್ಪು ಹೊಟ್ಟೆಯಲ್ಲಿ ಕರಗುತ್ತದೆ, ಕಾಳುಗಳು ಅನ್ನದ ಜೊತೆ ಕಲೆಯುತ್ತವೆ. ಸಣ್ಣದಿದ್ದರೇ ಅನ್ನದ ಜೊತೆ ಹೊಟ್ಟೆಯಿಂದ ಹೊರಬೀಳುವುದು. ಕರುಳಿನಲ್ಲಿ ಪಿಎಚ್ 5.5 ದಾಟಿದಾಗ ಲೇಪ ಬಿಟ್ಟುಕೊಳ್ಳುತ್ತದೆ.

ತೊಂದರೆ ಎಲ್ಲಿ ಅಂದರೆ, ಆಸಿಡನ್ನು ತಣಿಸುವ ಬೈಕಾರ್ಬನೇಟ್ ಕೂಡ ಪ್ಯಾಂಕ್ರಿಯಾಸ್‌ನಿಂದಲೇ ಬರಬೇಕು. ಅದೂ ಕಮ್ಮಿ ಆದವರಲ್ಲಿ ಕರುಳಿನ ಮೊದಲ ಭಾಗ ಹುಳಿಯಾಗೇ ಉಳಿದು, ಲೇಪ ತಡವಾಗಿ ಬಿಡುತ್ತದೆ. ಡೋಸ್ ಸರಿ ಇದೆ, ಹೊತ್ತು ಸರಿ ಇದೆ, ಆದರೂ ಫಲ ಇಲ್ಲ ಅಂದರೆ ಡಾಕ್ಟರ್ ಆಸಿಡ್ ಕಮ್ಮಿ ಮಾಡುವ ಮಾತ್ರೆ ಸೇರಿಸುವುದು ಇದಕ್ಕೇ. ಅದಕ್ಕೂ ಬಗ್ಗದಿದ್ದರೆ ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆದಿದೆಯಾ ಅಂತ ನೋಡುತ್ತಾರೆ.

ಮ್ಯಾಂಚೆಸ್ಟರ್_ಅಮ್ಮ:
ನಾವು ಶಿವಮೊಗ್ಗದವರು, ಈಗ ಇಂಗ್ಲೆಂಡ್‌ನಲ್ಲಿದ್ದೇವೆ. ಮಗನಿಗೆ ಸಿಸ್ಟಿಕ್ ಫೈಬ್ರೋಸಿಸ್ (ಸಿಎಫ್), ಅಂದರೆ ಹುಟ್ಟಿನಿಂದಲೇ ಬರುವ, ಪ್ಯಾಂಕ್ರಿಯಾಸ್‌ನ ಕಿಣ್ವಕ್ಕೂ ಅಡ್ಡಿಯಾಗುವ ಕಾಯಿಲೆ. ಇಲ್ಲಿ ಹುಟ್ಟಿದ ಮಗುವಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆದು ಪರೀಕ್ಷೆ ಮಾಡುತ್ತಾರೆ, 2007ರಿಂದ ಇಡೀ ದೇಶದಲ್ಲಿ ಈ ಕಾಯಿಲೆಗೂ ನೋಡುತ್ತಾರೆ. ಹಾಗಾಗಿ ಬೇಗ ಗೊತ್ತಾಯಿತು.

ಇಲ್ಲಿ ಎಲ್ಲರೂ ‘ಡೋಸ್ ಸಾಲದು’ ಅನ್ನುತ್ತಿದ್ದೀರಿ. ದೊಡ್ಡವರ ವಿಷಯದಲ್ಲಿ ಇರಬಹುದು. ಮಕ್ಕಳ ವಿಷಯದಲ್ಲಿ ಮೇಲಿನ ಮಿತಿಯೂ ಇದೆ ಅಂತ ಹೇಳಬೇಕು. 1994ರಲ್ಲಿ ಇಲ್ಲೇ ಲಿವರ್‌ಪೂಲ್‌ನ ಡಾಕ್ಟರುಗಳು ಬಹಳ ಹೆಚ್ಚು ಶಕ್ತಿಯ ಕಿಣ್ವ ತಗೊಳ್ಳುತ್ತಿದ್ದ ಸಿಎಫ್ ಮಕ್ಕಳ ದೊಡ್ಡ ಕರುಳು ಕಿರಿದಾಗಿರುವುದನ್ನು ಗುರುತಿಸಿದರು. ಆಮೇಲೆ ಮಿತಿ ಬಂತು: ದಿನಕ್ಕೆ, ಮಗುವಿನ ಪ್ರತಿ ಕಿಲೋ ತೂಕಕ್ಕೆ 10,000 ಯೂನಿಟ್ ಲೈಪೇಸ್ ಮೀರಬಾರದು. ಊಟಕ್ಕೊಂದು ಮಿತಿಯನ್ನೂ ಹೇಳುತ್ತಾರೆ, ಕಿಲೋಗೆ 2,500. ನಾವು ಪ್ರತಿ ಭೇಟಿಯಲ್ಲೂ ತೂಕ ನೋಡಿ ಲೆಕ್ಕ ಹಾಕಿಸುತ್ತೇವೆ.

ಇನ್ನೊಂದು, 2024ರಲ್ಲಿ ಇಲ್ಲಿ ಕ್ರಿಯಾನ್ ಸಿಗುವುದೇ ಕಷ್ಟವಾಗಿತ್ತು. ಯುರೋಪಿನ ಬೇರೆ ಕಡೆಯೂ ಹಾಗೇ. ಅಂಗಡಿಯಿಂದ ಅಂಗಡಿಗೆ ಫೋನ್ ಮಾಡಿ ಸಾಕಾಗಿತ್ತು. ಒಂದೇ ಸಲ ಮುಗಿಯುವವರೆಗೆ ಕಾಯಬೇಡಿ ಅಂತ ಅಷ್ಟೇ ಹೇಳುತ್ತೇನೆ. ರಾಶಿ ಹಾಕಿಕೊಳ್ಳಿ ಅಂತಲ್ಲ.

ನಿರ್ವಾಹಕ:
ಚರ್ಚೆ ಚೆನ್ನಾಗಿ ನಡೆಯುತ್ತಿದೆ. ಒಂದೇ ನೆನಪು: ಇಲ್ಲಿ ಓದಿ ಡೋಸ್ ಬದಲಾಯಿಸಬೇಡಿ, ಡಾಕ್ಟರನ್ನು ಕೇಳಿ.

ಹಾಸನದ_ಮಗಳು:
ಬೇರೆ ಊರಿನ ಗ್ಯಾಸ್ಟ್ರೋ ಡಾಕ್ಟರ್ ಹತ್ತಿರ ಹೋಗಿಬಂದೆವು. ಈಗ 25,000ದ ಕ್ಯಾಪ್ಸೂಲ್, ಮುಖ್ಯ ಊಟಕ್ಕೆ ಎರಡು, ತಿಂಡಿಗೆ ಒಂದು, ಎಲ್ಲ ತಿನ್ನುತ್ತಿರುವಾಗಲೇ. ಮೊದಲ ಬದಲಾವಣೆ ಬಚ್ಚಲಲ್ಲೇ ಕಾಣಿಸಿತು. ಜಿಡ್ಡು ಹೋಯಿತು, ಬಣ್ಣ ಬಂತು. ತೂಕ ಕೂಡ ಈಗ ನಿಂತಿದೆ, ಸ್ವಲ್ಪ ಏರಿದೆ ಅಂತಲೂ ಹೇಳಬಹುದು.

ಆದರೆ ಹೊಸ ತಲೆನೋವು. ಶುಗರ್ ಏರಿದೆ! ಅಪ್ಪ ಕ್ಯಾಪ್ಸೂಲನ್ನೇ ಬೈಯುತ್ತಿದ್ದಾರೆ.

ಗ್ಯಾಸ್ಟ್ರೋ_ಪಿಜಿ:
ಇದು ನಿರೀಕ್ಷೆ ಮಾಡುವಂಥದ್ದೇ. ಇಷ್ಟು ದಿನ ತಿಂದದ್ದು ಹಾಗೇ ಹೊರಗೆ ಹೋಗುತ್ತಿತ್ತು. ಈಗ ರಕ್ತಕ್ಕೆ ಸೇರುತ್ತಿದೆ, ಅದಕ್ಕೆ ತಕ್ಕಷ್ಟು ಇನ್ಸುಲಿನ್ ಬೇಕು. ಡಯಾಬಿಟಿಸ್ ಡಾಕ್ಟರ್‌ಗೆ ‘ಕಿಣ್ವ ಹೆಚ್ಚಿಸಿದ್ದಾರೆ’ ಅಂತ ಇವತ್ತೇ ತಿಳಿಸಿ. ಉಲ್ಟಾ ಅಪಾಯವೂ ಇದೆ, ಅದು ಜಾಸ್ತಿ ಹೆದರಬೇಕಾದ್ದು. ಇನ್ಸುಲಿನ್ ಹಾಕಿಕೊಂಡು ಊಟ ಮಾಡಿ ಕ್ಯಾಪ್ಸೂಲ್ ಮರೆತರೆ ತಿಂದದ್ದು ಸರಿಯಾಗಿ ಸೇರುವುದಿಲ್ಲ, ಶುಗರ್ ಕುಸಿಯಬಹುದು. ಈ ಬಗೆಯ ಸಕ್ಕರೆ ಕಾಯಿಲೆಯಲ್ಲಿ ಶುಗರ್ ಮೇಲೆತ್ತುವ ಗ್ಲುಕಗಾನ್ ಹಾರ್ಮೋನೂ ಕಮ್ಮಿ ಇರುತ್ತದೆ. ಹಾಗಾಗಿ ಕುಸಿದರೆ ಬೇಗ ಚೇತರಿಸಿಕೊಳ್ಳುವುದಿಲ್ಲ. ಜೇಬಿನಲ್ಲಿ ಗ್ಲೂಕೋಸ್ ಇರಲಿ.

ವಿಟಮಿನ್ ಡಿ ನೋಡಿಸಿದ್ದೀರಾ? ಎ, ಡಿ, ಇ, ಕೆ ನಾಲ್ಕೂ ಕೊಬ್ಬಿನ ಜೊತೆ ಸೇರುವಂಥವು. ಕೊಬ್ಬು ಹೊರಗೆ ಹೋದಾಗ ಇವೂ ಹೋಗಿರುತ್ತವೆ. ಬಿ12, ಮೂಳೆ ಸಾಂದ್ರತೆಯ ಸ್ಕ್ಯಾನ್ ಕೂಡ ಕೇಳಿ. ಈ ಕಾಯಿಲೆಯವರಿಗೆ ಮೂಳೆ ಬೇಗ ಸವೆಯುತ್ತದೆ.

ಹಾಸನದ_ಮಗಳು:
ವಿಟಮಿನ್ ಡಿ ಬಹಳ ಕಮ್ಮಿ ಬಂದಿದೆ. ಚಿಕಿತ್ಸೆ ಶುರುವಾಗಿದೆ. ಮೂಳೆ ಸ್ಕ್ಯಾನ್ ಕೇಳುತ್ತೇನೆ. ಕ್ಯಾಪ್ಸೂಲ್ ಇಡುವ ಬಗ್ಗೆ ಒಂದು ಪ್ರಶ್ನೆ. ಅಪ್ಪ ಅಂಗಡಿಗೆ ಹೋಗುವಾಗ ಸ್ಕೂಟರ್ ಡಿಕ್ಕಿಯಲ್ಲೇ ಡಬ್ಬಿ ಬಿಟ್ಟಿರುತ್ತಾರೆ.

ಔಷಧಿ_ಅಂಗಡಿ:
ಬೇಡವೇ ಬೇಡ. 25 ಡಿಗ್ರಿ ಒಳಗೆ ಇಡಿ ಅಂತ ಡಬ್ಬಿ ಮೇಲೇ ಇರುತ್ತದೆ. ಬಿಸಿಲಲ್ಲಿ ನಿಂತ ಸ್ಕೂಟರ್ ಡಿಕ್ಕಿ ಎಷ್ಟು ಕಾಯುತ್ತದೆ ಅಂತ ಕೈ ಹಾಕಿ ನೋಡಿ. ಶಾಖಕ್ಕೆ ಕಿಣ್ವ ಸಾಯುತ್ತದೆ, ಕ್ಯಾಪ್ಸೂಲ್ ನೋಡಲು ಮಾತ್ರ ಹಾಗೇ ಇರುತ್ತದೆ. ಆ ದಿನಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಿಯಲ್ಲಿ ಚೀಲದೊಳಗೆ ಒಯ್ಯಲಿ. ಅಡುಗೆಮನೆಯಲ್ಲಿ ಒಲೆ ಪಕ್ಕದ ಕಪಾಟೂ ಬೇಡ.

ಮೈಸೂರು_ಮಲ್ಲಿಗೆ_ಮನೆ:
ಈ ಚರ್ಚೆ ಪೂರ್ತಿ ಓದಿದೆ. ಅಮ್ಮನಿಗೆ ಪ್ಯಾಂಕ್ರಿಯಾಸ್ ತಲೆಭಾಗದ ಗೆಡ್ಡೆಗೆ ವಿಪ್ಪಲ್ ಆಪರೇಷನ್ (ಆ ತಲೆಭಾಗವನ್ನು ತೆಗೆಯುವುದು) ಆಗಿದೆ. ಈ ಕ್ಯಾಪ್ಸೂಲ್ ಕೊಟ್ಟಿದ್ದಾರೆ, ಆದರೆ ಅಮ್ಮನಿಗೆ ನುಂಗಲು ಆಗುತ್ತಿಲ್ಲ, ಗಂಟಲಲ್ಲೇ ನಿಲ್ಲುತ್ತದೆ ಅಂತಾರೆ. ನಿನ್ನೆ ಅಕ್ಕ ಅದನ್ನು ಬಿಚ್ಚಿ, ಪುಡಿ ಮಾಡಿ, ಬಿಸಿ ಗಂಜಿಗೆ ಹಾಕೋಣ ಅಂದಳು. ನಾನು ತಡೆದಿದ್ದೇನೆ. ಏನು ಮಾಡುವುದು?

ಮ್ಯಾಂಚೆಸ್ಟರ್_ಅಮ್ಮ:
ತಡೆದದ್ದು ಒಳ್ಳೆಯದಾಯಿತು. ಬಿಚ್ಚಬಹುದು, ಪುಡಿ ಮಾಡಬಾರದು. ಪುಡಿ ಮಾಡಿದರೆ ಲೇಪ ಹೋಯಿತು. ಬಿಸಿ ಗಂಜಿ ಬೇಡ, ಹಾಲೂ ಬೇಡ. ಹುಳಿ ಇರುವ, ಮೆತ್ತಗಿನ, ತಣ್ಣಗಿನ ಏನಾದರೂ ಒಂದು ಚಮಚ ತಗೊಳ್ಳಿ. ಸೇಬು ಬೇಯಿಸಿ ಹಿಸುಕಿ ಆರಿಸಿದ್ದು ಆಗುತ್ತದೆ, ಮೊಸರು ಆಗುತ್ತದೆ. ಅದರ ಮೇಲೆ ಕಾಳು ಉದುರಿಸಿ ಕೂಡಲೇ ಕೊಡಿ. ಮೊದಲೇ ಕಲಸಿಟ್ಟು ಆಮೇಲೆ ಕೊಡುವುದು ಬೇಡ. ಅಗಿಯದೇ ನುಂಗಬೇಕು, ಹಿಂದೆಯೇ ನೀರು ಕುಡಿಯಬೇಕು. ಆಮೇಲೆ ಅಮ್ಮನ ಬಾಯೊಳಗೆ, ಒಸಡು ಕೆನ್ನೆ ಮಧ್ಯೆ ಕಾಳು ಉಳಿದಿದೆಯಾ ಅಂತ ನೋಡಿ. ಉಳಿದರೆ ಅಲ್ಲೇ ಕೆಲಸ ಶುರು ಮಾಡಿ ಬಾಯಿ ಹುಣ್ಣಾಗುತ್ತದೆ. ಚಿಕ್ಕವನಿದ್ದಾಗ ಮಗನಿಗೆ ಪ್ರತಿ ಸಲವೂ ಬೆರಳು ಹಾಕಿ ನೋಡುತ್ತಿದ್ದೆ, ಕಚ್ಚುತ್ತಿದ್ದ.

ಮೈಸೂರು_ಮಲ್ಲಿಗೆ_ಮನೆ:
ಮೊಸರು ಅಮ್ಮನಿಗೆ ಇಷ್ಟ. ಮೊಸರನ್ನಕ್ಕೇ ಉದುರಿಸಬಹುದಾ?

ಮ್ಯಾಂಚೆಸ್ಟರ್_ಅಮ್ಮ:
ಬೇಡ, ಅನ್ನ ಇದ್ದರೆ ಅಗಿಯುತ್ತಾರೆ. ಬರೀ ಮೊಸರು ಒಂದು ಚಮಚ ಮೊದಲು, ಅದರ ಹಿಂದೆ ಮೊಸರನ್ನ. ತಟ್ಟೆ ಅರ್ಧ ಆದಾಗ ಉಳಿದ ಕಾಳು ಇನ್ನೊಂದು ಚಮಚದಲ್ಲಿ. ನಿಮ್ಮ ಸರ್ಜನ್‌ಗೂ ಹೀಗೆ ಕೊಡುತ್ತಿದ್ದೇವೆ ಅಂತ ಹೇಳಿ, ಗಂಟಲಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ಹೇಳಿ.